ಸರಳ ದೂರದರ್ಶಕದ ವರ್ಧನೆ: ಲೆಕ್ಕ ಹಾಕುವುದು ಮತ್ತು ಅಳೆದು ನೋಡುವುದು

ದೂರದರ್ಶಕದ ವರ್ಧನೆಯನ್ನು ಕಂಡುಹಿಡಿಯಲು ಒಂದೇ ಒಂದು ಭಾಗಾಕಾರ ಸಾಕು. ವಸ್ತು ಮಸೂರದ ಸಂಗಮ ದೂರವನ್ನು ನೇತ್ರ ಮಸೂರದ ಸಂಗಮ ದೂರದಿಂದ ಭಾಗಿಸಿದರೆ ಉತ್ತರ ಬರುತ್ತದೆ. ಸಂಗಮ ದೂರವೆಂದರೆ ಬಹುದೂರದಿಂದ ಬಂದ ಬೆಳಕನ್ನು ಮಸೂರ ಒಂದುಗೂಡಿಸುವ ಜಾಗಕ್ಕೆ ಮಸೂರದಿಂದ ಇರುವ ದೂರ. ಮುಂದಿನ ಮಸೂರದ ಸಂಗಮ ದೂರ 1000 ಮಿ.ಮೀ., ಕಣ್ಣಿನ ಬಳಿಯ ಮಸೂರದ್ದು 25 ಮಿ.ಮೀ. ಆಗಿದ್ದರೆ ವರ್ಧನೆ 40. ಇಷ್ಟನ್ನು ಶಾಲೆಯ ಪಠ್ಯಪುಸ್ತಕವೇ ಹೇಳುತ್ತದೆ. ಕಷ್ಟವಿರುವುದು ಭಾಗಾಕಾರದಲ್ಲಲ್ಲ, ಅದರೊಳಗೆ ಹಾಕುವ ಎರಡು ಸಂಖ್ಯೆಗಳಲ್ಲಿ. ಮಸೂರದ ಮೇಲೆ ಅಥವಾ ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಯನ್ನು ಹಾಗೆಯೇ ನಂಬಿ ಭಾಗಿಸಿದರೆ ಬರುವ ಉತ್ತರವು ಕಾಗದದ ಮೇಲಿನ ಉತ್ತರ ಮಾತ್ರ. ಕೈಯಲ್ಲಿರುವ ಉಪಕರಣ ನಿಜವಾಗಿ ಎಷ್ಟು ವರ್ಧಿಸುತ್ತದೆ ಎಂಬುದನ್ನು ಅಳೆದೇ ತಿಳಿಯಬೇಕು, ಮತ್ತು ಹಾಗೆ ಅಳೆಯಲು ಪ್ರಯೋಗಾಲಯದ ಅಗತ್ಯವೇನೂ ಇಲ್ಲ.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಪ್ಲಸ್ 1 ಡಯಾಪ್ಟರ್ ಸಾಮರ್ಥ್ಯದ, 50 ಮಿ.ಮೀ. ವ್ಯಾಸದ ಕನ್ನಡಕದ ಮಸೂರವೊಂದು ಕೊಳವೆಯ ಮುಂದಿನ ತುದಿಯಲ್ಲಿದೆ. ಹಿಂದಿನ ತುದಿಯಲ್ಲಿ, ಒಳಗೆ ಹೊರಗೆ ಜಾರುವ ಸಣ್ಣ ಕೊಳವೆಯಲ್ಲಿ, 10× ಎಂದು ಬರೆದಿರುವ ಭೂತಗನ್ನಡಿಯ ಮಸೂರವಿದೆ. ಮನೆಯಲ್ಲಿ ಕಟ್ಟುವ ದೂರದರ್ಶಕ ಸಾಮಾನ್ಯವಾಗಿ ಇದೇ ರೀತಿಯದಾಗಿರುತ್ತದೆ.

ವರ್ಧಿಸುವುದು ಏನನ್ನು?

ದೂರದರ್ಶಕವು ವಸ್ತುವನ್ನು ದೊಡ್ಡದು ಮಾಡುವುದಿಲ್ಲ, ಆ ವಸ್ತು ನಮ್ಮ ಕಣ್ಣಿನಲ್ಲಿ ಮಾಡುವ ಕೋನವನ್ನು ದೊಡ್ಡದು ಮಾಡುತ್ತದೆ. ಚಂದ್ರಬಿಂಬ ಬರಿಗಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತದೆ. 1000 ಮಿ.ಮೀ. ಸಂಗಮ ದೂರದ ಪೀನ ಮಸೂರವು ತನ್ನ ಹಿಂದೆ ಮೂಡಿಸುವ ಚಂದ್ರನ ಪ್ರತಿಬಿಂಬದ ವ್ಯಾಸ ಕೇವಲ 9 ಮಿ.ಮೀ. ಇರುತ್ತದೆ, ಅಂದರೆ ಅಂಗಿಯ ಗುಂಡಿಗಿಂತ ಚಿಕ್ಕದು. ಈ ಪುಟ್ಟ ಪ್ರತಿಬಿಂಬವನ್ನು 25 ಮಿ.ಮೀ. ದೂರದಿಂದ ನೋಡಲು ಸಾಧ್ಯವಾದರೆ ಅದು ಕಣ್ಣಿನಲ್ಲಿ 20 ಡಿಗ್ರಿಗಿಂತ ಸ್ವಲ್ಪ ಹೆಚ್ಚಿನ ಕೋನವನ್ನು ಮಾಡುತ್ತದೆ. ಬರಿಗಣ್ಣು ಅಷ್ಟು ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ನೋಡಲಾರದು. ನೋಡುವಂತೆ ಮಾಡುವುದೇ ನೇತ್ರ ಮಸೂರದ ಕೆಲಸ. ಅರ್ಧ ಡಿಗ್ರಿಯದು ಇಪ್ಪತ್ತು ಡಿಗ್ರಿಯಾಯಿತು, ಆದ್ದರಿಂದ ವರ್ಧನೆ 40. ಪ್ರತಿಬಿಂಬದ ಎತ್ತರವು ವಸ್ತು ಮಸೂರದ ಸಂಗಮ ದೂರಕ್ಕೆ ತಕ್ಕಂತೆ ಹೆಚ್ಚುತ್ತದೆ, ಅದನ್ನು ನೋಡುವ ಕೋನವು ನೇತ್ರ ಮಸೂರದ ಸಂಗಮ ದೂರ ಕಡಿಮೆಯಾದಷ್ಟೂ ಹೆಚ್ಚುತ್ತದೆ. ಸೂತ್ರದಲ್ಲಿ ಒಂದು ಮೇಲೆ, ಇನ್ನೊಂದು ಕೆಳಗೆ ಇರುವುದು ಈ ಕಾರಣದಿಂದ.

ಇದನ್ನೇ ದೂರದ ಭಾಷೆಯಲ್ಲಿ ಹೇಳಬಹುದು. 3,84,400 ಕಿ.ಮೀ. ದೂರದ ಚಂದ್ರನನ್ನು 40 ಪಟ್ಟು ವರ್ಧಿಸಿ ನೋಡುವುದೆಂದರೆ 9,610 ಕಿ.ಮೀ. ದೂರದಿಂದ ಬರಿಗಣ್ಣಿನಲ್ಲಿ ನೋಡಿದಂತೆ. ಆದರೆ ಇಲ್ಲಿ ಒಂದು ಗೊಂದಲವಿದೆ, ಅದು ನಾಲ್ಕು ಶತಮಾನಗಳಷ್ಟು ಹಳೆಯದು. ಗೆಲಿಲಿಯೋ 1610ರಲ್ಲಿ ತನ್ನ ಅತ್ಯುತ್ತಮ ಉಪಕರಣದಲ್ಲಿ ವಸ್ತುಗಳು ಸುಮಾರು ಸಾವಿರ ಪಟ್ಟು ದೊಡ್ಡದಾಗಿಯೂ ಮೂವತ್ತು ಪಟ್ಟಿಗಿಂತ ಹೆಚ್ಚು ಹತ್ತಿರವಾಗಿಯೂ ಕಾಣುತ್ತವೆ ಎಂದು ಬರೆದ. ಎರಡೂ ಸರಿ: ಸಾವಿರವೆಂಬುದು ವಿಸ್ತೀರ್ಣದ ವರ್ಧನೆ, ಮೂವತ್ತೆಂಬುದು ಉದ್ದದ ವರ್ಧನೆ, ಮತ್ತು ಮೊದಲನೆಯದು ಎರಡನೆಯದರ ವರ್ಗ. ಇಂದು ವರ್ಧನೆ ಎಂದರೆ ಉದ್ದದ, ಅಂದರೆ ಕೋನದ ವರ್ಧನೆ ಮಾತ್ರ. ಕ್ಯಾಮೆರಾಗಳ ಮೇಲೆ ಬರೆಯುವ 40× ಝೂಮ್ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಆ ಕ್ಯಾಮೆರಾದ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಸಂಗಮ ದೂರಗಳ ಅನುಪಾತ, ಬರಿಗಣ್ಣಿನೊಂದಿಗಿನ ಹೋಲಿಕೆಯಲ್ಲ.

ವಸ್ತು ಮಸೂರದ ಸಂಗಮ ದೂರ

ಕನ್ನಡಕದ ಮಸೂರಗಳನ್ನು ಡಯಾಪ್ಟರ್‌ಗಳಲ್ಲಿ ಗುರುತಿಸುತ್ತಾರೆ. 1000ವನ್ನು ಡಯಾಪ್ಟರ್ ಸಂಖ್ಯೆಯಿಂದ ಭಾಗಿಸಿದರೆ ಸಂಗಮ ದೂರ ಮಿಲಿಮೀಟರ್‌ಗಳಲ್ಲಿ ಸಿಗುತ್ತದೆ: ಪ್ಲಸ್ 1ಕ್ಕೆ 1000, ಪ್ಲಸ್ 2ಕ್ಕೆ 500, ಪ್ಲಸ್ 1.25ಕ್ಕೆ 800. ಎರಡೂ ಮಸೂರಗಳ ಡಯಾಪ್ಟರ್ ಗೊತ್ತಿದ್ದರೆ ಸಂಗಮ ದೂರಕ್ಕೆ ಹೋಗದೆ, ನೇತ್ರ ಮಸೂರದ ಡಯಾಪ್ಟರನ್ನು ವಸ್ತು ಮಸೂರದ ಡಯಾಪ್ಟರಿನಿಂದ ಭಾಗಿಸಿದರೂ ವರ್ಧನೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ 40ನ್ನು 1ರಿಂದ ಭಾಗಿಸಬೇಕು.

ಗುರುತಿಲ್ಲದ ಮಸೂರವನ್ನು ಅಳೆಯುವ ಸಾಮಾನ್ಯ ವಿಧಾನ ಎಲ್ಲರಿಗೂ ಗೊತ್ತಿರುವಂಥದ್ದೇ. ಕತ್ತಲಾದ ಕೋಣೆಯೊಳಗೆ ನಿಂತು, ಕಿಟಕಿಯಾಚೆಯ ದೂರದ ಮರದ ಅಥವಾ ಕಟ್ಟಡದ ಪ್ರತಿಬಿಂಬವನ್ನು ಬಿಳಿ ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿಸಿ, ಮಸೂರದಿಂದ ಕಾಗದಕ್ಕಿರುವ ದೂರವನ್ನು ಅಳೆಯಬೇಕು. ದೂರದ ವಸ್ತು ಎಂದರೆ ಎಷ್ಟು ದೂರ ಎಂಬ ಪ್ರಶ್ನೆಯನ್ನು ಮಾತ್ರ ಹಲವರು ಕೇಳಿಕೊಳ್ಳುವುದಿಲ್ಲ. ಮರ 50 ಮೀಟರ್ ದೂರದಲ್ಲಿದ್ದು ಮಸೂರದ ನಿಜವಾದ ಸಂಗಮ ದೂರ 1 ಮೀಟರ್ ಆಗಿದ್ದರೆ ಪ್ರತಿಬಿಂಬ ಮೂಡುವುದು 1020 ಮಿ.ಮೀ. ದೂರದಲ್ಲಿ, ಅಂದರೆ ಅಳತೆಯಲ್ಲಿ ಶೇಕಡಾ 2ರಷ್ಟು ಹೆಚ್ಚಳ. ಮರದ ದೂರ ಗೊತ್ತಿದ್ದರೆ ಇದನ್ನು ತಿದ್ದಿಕೊಳ್ಳಬಹುದು: ಮರದ ದೂರ ಮತ್ತು ಪ್ರತಿಬಿಂಬದ ದೂರಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ನಿಜವಾದ ಸಂಗಮ ದೂರ ಸಿಗುತ್ತದೆ. ಮರ ಅರ್ಧ ಕಿಲೋಮೀಟರ್ ಆಚೆ ಇದ್ದರೆ ತಿದ್ದುಪಡಿಯ ಅಗತ್ಯವೇ ಇಲ್ಲ.

ಚಂದ್ರನನ್ನೇ ಬಳಸುವುದು ಇನ್ನೂ ಒಳ್ಳೆಯದು. ಹುಣ್ಣಿಮೆಯ ಆಸುಪಾಸಿನ ಚಂದ್ರನ ಪ್ರತಿಬಿಂಬವನ್ನು ಕಾಗದದ ಮೇಲೆ ಮೂಡಿಸಿದಾಗ ದೂರವನ್ನು ನೇರವಾಗಿ ಅಳೆಯಬಹುದು. ಜೊತೆಗೆ ಪ್ರತಿಬಿಂಬದ ವ್ಯಾಸವನ್ನು 110ರಿಂದ ಗುಣಿಸಿ ಆ ಅಳತೆಯನ್ನು ಒರಟಾಗಿ ಪರೀಕ್ಷಿಸಬಹುದು. ಚಂದ್ರನ ದೂರ ಬದಲಾಗುತ್ತಿರುವುದರಿಂದ ಅದರ ಕೋನೀಯ ವ್ಯಾಸ 29.4ರಿಂದ 33.5 ಆರ್ಕ್ ಮಿನಿಟ್‌ಗಳವರೆಗೆ (ಒಂದು ಆರ್ಕ್ ಮಿನಿಟ್ ಎಂದರೆ ಡಿಗ್ರಿಯ 60ನೇ ಒಂದು ಭಾಗ) ಏರಿಳಿಯುತ್ತದೆ, ಹಾಗಾಗಿ ಈ ಗುಣಾಕಾರದಿಂದ ಹೆಚ್ಚಿನ ನಿಖರತೆಯನ್ನು ನಿರೀಕ್ಷಿಸಬಾರದು. ಸೂರ್ಯನನ್ನು ಇದಕ್ಕೆ ಬಳಸುವುದು ಬೇಡ. 50 ಮಿ.ಮೀ. ಮಸೂರ ಒಟ್ಟುಗೂಡಿಸಿದ ಬಿಸಿಲು ಕಾಗದವನ್ನು ಸುಡಬಲ್ಲದು, ಮತ್ತು ಜೋಡಿಸಿದ ದೂರದರ್ಶಕದ ಮೂಲಕ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣಿಗೆ ಸರಿಪಡಿಸಲಾಗದ ಹಾನಿಯಾಗುತ್ತದೆ.

ಮನೆಯೊಳಗೇ ಅಳೆಯಬೇಕೆಂದರೆ ಸಮತಲ ಕನ್ನಡಿಯೊಂದು ಸಾಕು. ಮಸೂರವನ್ನು ಕನ್ನಡಿಗೆ ಅಂಟಿದಂತೆ ನಿಲ್ಲಿಸಿ, ಎದುರಿಗೆ ರಟ್ಟಿನಲ್ಲಿ ಕೊರೆದ ಸಣ್ಣ ರಂಧ್ರದ ಹಿಂದೆ ದೀಪವನ್ನಿಟ್ಟು, ರಟ್ಟನ್ನು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ರಂಧ್ರದ ಸ್ಪಷ್ಟ ಪ್ರತಿಬಿಂಬ ರಂಧ್ರದ ಪಕ್ಕದಲ್ಲೇ, ಅದೇ ರಟ್ಟಿನ ಮೇಲೆ ಬಂದು ಬೀಳುತ್ತದೆ. ಆಗ ರಟ್ಟಿಗೂ ಮಸೂರಕ್ಕೂ ಇರುವ ದೂರವೇ ಸಂಗಮ ದೂರ. ಯಾವ ತಿದ್ದುಪಡಿಯೂ ಬೇಕಾಗದ ಈ ವಿಧಾನವೇ ಎಲ್ಲಕ್ಕಿಂತ ಅಚ್ಚುಕಟ್ಟು ಎಂದು ನನ್ನ ಅಭಿಪ್ರಾಯ.

ಕನ್ನಡಿಯನ್ನು ವಸ್ತು ಮಸೂರದ ಬದಲು ಬಳಸುವ ಪ್ರತಿಫಲನ ದೂರದರ್ಶಕಕ್ಕೂ ಸೂತ್ರ ಇದೇ. ಅದರ ಮೇಲೆ ಎಫ್/8 ಎಂದು ಬರೆದಿದ್ದರೆ ವ್ಯಾಸವನ್ನು 8ರಿಂದ ಗುಣಿಸಬೇಕು, 150 ಮಿ.ಮೀ. ವ್ಯಾಸದ ಕನ್ನಡಿಯ ಸಂಗಮ ದೂರ 1200 ಮಿ.ಮೀ. ಆಗುತ್ತದೆ.

ತಪ್ಪು ನುಸುಳುವ ಜಾಗ: ನೇತ್ರ ಮಸೂರ

ವಸ್ತು ಮಸೂರವನ್ನು ಅಳೆಯುವಾಗ 1 ಮಿ.ಮೀ. ತಪ್ಪಾದರೆ ಉತ್ತರ ಸಾವಿರದಲ್ಲಿ ಒಂದು ಪಾಲು ಮಾತ್ರ ಕೆಡುತ್ತದೆ. ನೇತ್ರ ಮಸೂರವನ್ನು ಅಳೆಯುವಾಗ ಅದೇ 1 ಮಿ.ಮೀ. ತಪ್ಪಾದರೆ ಉತ್ತರ ಶೇಕಡಾ 4ರಷ್ಟು ಕೆಡುತ್ತದೆ. ಸಂಗಮ ದೂರ 10 ಮಿ.ಮೀ. ಆಗಿದ್ದರೆ ಶೇಕಡಾ 10ರಷ್ಟು. ಆದರೂ ಹೆಚ್ಚಿನವರು ಉದ್ದದ ಮಸೂರಕ್ಕೆ ಅಳತೆ ಪಟ್ಟಿ ಹಿಡಿದು ಶ್ರಮಿಸುತ್ತಾರೆ, ಸಣ್ಣ ಮಸೂರದ ಮೇಲೆ ಬರೆದದ್ದನ್ನು ಹಾಗೆಯೇ ನಂಬುತ್ತಾರೆ. ಶ್ರಮ ಇರಬೇಕಾದದ್ದು ಇದಕ್ಕೆ ತದ್ವಿರುದ್ಧವಾಗಿ.

ಭೂತಗನ್ನಡಿಯ ಮೇಲಿನ 10× ಎಂಬ ಗುರುತು ಸಾಮಾನ್ಯವಾಗಿ 250 ಮಿ.ಮೀ.ಯನ್ನು (ಕಣ್ಣು ಆರಾಮವಾಗಿ ನೋಡಬಲ್ಲ ಅತಿ ಹತ್ತಿರದ ದೂರ) ಸಂಗಮ ದೂರದಿಂದ ಭಾಗಿಸಿ ಬಂದದ್ದು, ಆದ್ದರಿಂದ ಸಂಗಮ ದೂರ 25 ಮಿ.ಮೀ. ಎಂದಾಗಬೇಕು. ಆದರೆ ಕೆಲವು ತಯಾರಕರು ಆ ಭಾಗಲಬ್ಧಕ್ಕೆ ಇನ್ನೊಂದನ್ನು ಕೂಡಿಸಿ ಬರೆಯುತ್ತಾರೆ. ಆ ಲೆಕ್ಕದಲ್ಲಿ 10× ಮಸೂರದ ಸಂಗಮ ದೂರ 28 ಮಿ.ಮೀ. ಸಮೀಪ ಇರುತ್ತದೆ, ನಮ್ಮ ದೂರದರ್ಶಕದ ವರ್ಧನೆ 40ರಿಂದ 36ಕ್ಕೆ ಇಳಿಯುತ್ತದೆ. ಅಗ್ಗದ ಮಸೂರಗಳ ಗುರುತುಗಳಿಗೆ ಯಾವ ಲೆಕ್ಕದ ಆಧಾರವೂ ಇಲ್ಲದಿರುವುದುಂಟು.

ಸಣ್ಣ ಹಾಗೂ ದಪ್ಪ ಮಸೂರದಲ್ಲಿ ದೂರವನ್ನು ಎಲ್ಲಿಂದ ಅಳೆಯಬೇಕು ಎಂಬುದೇ ಸ್ಪಷ್ಟವಿರುವುದಿಲ್ಲ: ಮುಂದಿನ ಮುಖದಿಂದಲೋ, ಮಧ್ಯದಿಂದಲೋ? ಈ ತೊಡಕನ್ನು ದಾಟಲು ದೂರದ ಬದಲು ಪ್ರತಿಬಿಂಬದ ಗಾತ್ರವನ್ನು ಅಳೆಯಬೇಕು. 1 ಮೀಟರ್ ಅಗಲದ ಬೆಳಕಿನ ಕಿಟಕಿಯಿಂದ 4 ಮೀಟರ್ ದೂರದಲ್ಲಿ ಮಸೂರವನ್ನು ಹಿಡಿದು, ಕಿಟಕಿಯ ಪ್ರತಿಬಿಂಬವನ್ನು ಗ್ರಾಫ್ ಕಾಗದದ ಮೇಲೆ ಮೂಡಿಸಿ ಅದರ ಅಗಲವನ್ನು ಓದಿಕೊಳ್ಳಿ. ಅದು 6.3 ಮಿ.ಮೀ. ಇದ್ದರೆ, ಪ್ರತಿಬಿಂಬದ ಅಗಲವನ್ನು ಕಿಟಕಿಯ ಅಗಲದಿಂದ ಭಾಗಿಸಿ 4000 ಮಿ.ಮೀ.ನಿಂದ ಗುಣಿಸಿದಾಗ 25.2 ಮಿ.ಮೀ. ಬರುತ್ತದೆ, ಕಿಟಕಿ ಅನಂತ ದೂರದಲ್ಲಿಲ್ಲ ಎಂಬ ಸಣ್ಣ ತಿದ್ದುಪಡಿಯನ್ನೂ ಸೇರಿಸಿದರೆ 25 ಮಿ.ಮೀ. ಎರಡು ಮಸೂರಗಳಿಂದ ಕಟ್ಟಿದ ನೇತ್ರ ಮಸೂರಕ್ಕೂ, ಅಂದರೆ ಐಪೀಸ್‌ಗೂ ಇದೇ ವಿಧಾನವನ್ನು ಬಳಸಬಹುದು, ಅದರ ಪ್ರತಿಬಿಂಬ ಹೊರಗೆ ಮೂಡುವಂತಿದ್ದರೆ.

ಮೂಡದಿದ್ದರೆ ಸೂತ್ರವೇ ಗತಿ. ಎರಡು ಮಸೂರಗಳ ಸಂಗಮ ದೂರಗಳ ಗುಣಲಬ್ಧವನ್ನು, ಅವುಗಳ ಮೊತ್ತದಿಂದ ನಡುವಿನ ಅಂತರವನ್ನು ಕಳೆದು ಬಂದ ಸಂಖ್ಯೆಯಿಂದ ಭಾಗಿಸಬೇಕು. ರಾಮ್ಸ್‌ಡನ್ ಮಾದರಿಯ ಐಪೀಸ್‌ನಲ್ಲಿ ಸಮಾನ ಸಂಗಮ ದೂರದ ಎರಡು ಮಸೂರಗಳು ಆ ದೂರದ ಮೂರನೇ ಎರಡರಷ್ಟು ಅಂತರದಲ್ಲಿರುತ್ತವೆ. ಒಟ್ಟು ಸಂಗಮ ದೂರ ಒಂದೊಂದರ ಮುಕ್ಕಾಲು ಪಾಲಾಗುತ್ತದೆ. 32 ಮಿ.ಮೀ.ನ ಎರಡು ಮಸೂರಗಳಿಂದ 24 ಮಿ.ಮೀ.ನ ಐಪೀಸ್ ಸಿದ್ಧವಾಗುತ್ತದೆ. ಎರಡನ್ನು ಅಂಟಿಸಿದರೆ 16 ಮಿ.ಮೀ. ಆಗುತ್ತಿತ್ತು ಎಂಬುದನ್ನು ಗಮನಿಸಿದರೆ, ನಡುವಿನ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಎಷ್ಟು ದೂರ ತಪ್ಪುತ್ತಾರೆ ಎಂಬುದು ತಿಳಿಯುತ್ತದೆ.

ನಿಮ್ನ ಮಸೂರವನ್ನು ನೇತ್ರ ಮಸೂರವಾಗಿ ಬಳಸಿದ ಗೆಲಿಲಿಯೋ ಮಾದರಿಯಲ್ಲಿ ಇನ್ನೊಂದು ತೊಡಕಿದೆ, ಏಕೆಂದರೆ ನಿಮ್ನ ಮಸೂರವು ಕಾಗದದ ಮೇಲೆ ಪ್ರತಿಬಿಂಬವನ್ನು ಮೂಡಿಸುವುದಿಲ್ಲ. ಅದಕ್ಕಿಂತ ಹೆಚ್ಚು ಸಾಮರ್ಥ್ಯದ ಪೀನ ಮಸೂರದೊಂದಿಗೆ ಅದನ್ನು ಅಂಟಿಸಿ ಹಿಡಿದು ಜೋಡಿಯನ್ನು ಅಳೆಯಬೇಕು. ಪೀನ ಮಸೂರ ಪ್ಲಸ್ 40 ಡಯಾಪ್ಟರ್ ಆಗಿದ್ದು ಜೋಡಿಯ ಸಂಗಮ ದೂರ 50 ಮಿ.ಮೀ., ಅಂದರೆ ಪ್ಲಸ್ 20 ಡಯಾಪ್ಟರ್ ಬಂದರೆ, ನಿಮ್ನ ಮಸೂರ ಮೈನಸ್ 20 ಡಯಾಪ್ಟರ್‌ನದು, ಅದರ ಸಂಗಮ ದೂರ ಮೈನಸ್ 50 ಮಿ.ಮೀ. ವರ್ಧನೆಯ ಲೆಕ್ಕದಲ್ಲಿ ಆ ಮೈನಸ್ ಚಿಹ್ನೆ ಹೇಳುವುದು ದೃಶ್ಯ ನೇರವಾಗಿ ಕಾಣುತ್ತದೆಯೋ ತಲೆಕೆಳಗಾಗಿಯೋ ಎಂಬುದನ್ನು ಮಾತ್ರ. ಫ್ಲಾರೆನ್ಸ್‌ನ ವಸ್ತುಸಂಗ್ರಹಾಲಯದಲ್ಲಿ ಉಳಿದಿರುವ ಗೆಲಿಲಿಯೋನ ದೂರದರ್ಶಕಗಳಲ್ಲಿ ಒಂದರ ವಸ್ತು ಮಸೂರದ ಸಂಗಮ ದೂರ 980 ಮಿ.ಮೀ., ನಿಮ್ನ ನೇತ್ರ ಮಸೂರದ್ದು 47.5 ಮಿ.ಮೀ.; ಭಾಗಿಸಿದರೆ ಸುಮಾರು 21.

ಕೊಳವೆಯ ಉದ್ದದಿಂದ ಸಿಗುವ ಸುಳಿವು

ಎರಡೂ ಪೀನ ಮಸೂರಗಳಿರುವ, ಕೆಪ್ಲರ್ 1611ರಲ್ಲಿ ವಿವರಿಸಿದ ಮಾದರಿಯಲ್ಲಿ, ಬಹುದೂರದ ವಸ್ತುವಿಗೆ ಹೊಂದಿಸಿದಾಗ ಮಸೂರಗಳ ನಡುವಿನ ಅಂತರ ಎರಡು ಸಂಗಮ ದೂರಗಳ ಮೊತ್ತಕ್ಕೆ ಸಮ. ನಮ್ಮ ಉದಾಹರಣೆಯಲ್ಲಿ 1025 ಮಿ.ಮೀ. ಗೆಲಿಲಿಯೋ ಮಾದರಿಯಲ್ಲಿ ಅದು ವ್ಯತ್ಯಾಸಕ್ಕೆ ಸಮ: 1000 ಮತ್ತು 50ಕ್ಕೆ 950. ಜೋಡಿಸಿದ ಮೇಲೆ ಈ ಅಂತರವನ್ನು ಅಳೆದು ನೋಡುವುದು ಒಳ್ಳೆಯ ಪರೀಕ್ಷೆ. ಲೆಕ್ಕಕ್ಕಿಂತ 20 ಅಥವಾ 30 ಮಿ.ಮೀ. ಹೆಚ್ಚು ಕಡಿಮೆ ಬಂದರೆ ವಸ್ತು ಮಸೂರದ ಅಳತೆಯನ್ನು ಮತ್ತೊಮ್ಮೆ ಮಾಡಬೇಕು. ದೃಶ್ಯವನ್ನು ನೇರ ಮಾಡಲು ನಡುವೆ ಮೂರನೆಯ ಮಸೂರವನ್ನು, ವಸ್ತು ಮಸೂರ ಮೂಡಿಸುವ ಪ್ರತಿಬಿಂಬದಿಂದ ಅದರದೇ ಸಂಗಮ ದೂರದ ಎರಡರಷ್ಟು ಅಂತರದಲ್ಲಿ ಇಟ್ಟಿದ್ದರೆ ಕೊಳವೆಯ ಉದ್ದ ಆ ಸಂಗಮ ದೂರದ ನಾಲ್ಕು ಪಟ್ಟು ಹೆಚ್ಚುತ್ತದೆ, ವರ್ಧನೆ ಬದಲಾಗುವುದಿಲ್ಲ.

ಪಠ್ಯಪುಸ್ತಕಗಳಲ್ಲಿ ಇನ್ನೊಂದು ಸೂತ್ರವೂ ಸಿಗುತ್ತದೆ. ಅಂತಿಮ ಪ್ರತಿಬಿಂಬ ಅನಂತ ದೂರದಲ್ಲಿರದೆ ಕಣ್ಣಿನಿಂದ 250 ಮಿ.ಮೀ. ದೂರದಲ್ಲಿ ಮೂಡುವಂತೆ ಹೊಂದಿಸಿದರೆ, ನೇತ್ರ ಮಸೂರದ ಸಂಗಮ ದೂರವನ್ನು 250ರಿಂದ ಭಾಗಿಸಿ, ಬಂದದ್ದಕ್ಕೆ ಒಂದನ್ನು ಕೂಡಿಸಿ, ಅದರಿಂದ ಮೊದಲಿನ ಉತ್ತರವನ್ನು ಗುಣಿಸಬೇಕು. 40 ಆಗ 44 ಆಗುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆ ಯಾವುದನ್ನು ಕೇಳಿದೆ ಎಂದು ಓದಿ ಉತ್ತರಿಸಬೇಕು. ಆಕಾಶ ನೋಡುವವರು ಕಣ್ಣನ್ನು ಸಡಿಲವಾಗಿಟ್ಟು, ಪ್ರತಿಬಿಂಬವನ್ನು ಅನಂತಕ್ಕೆ ಹೊಂದಿಸಿ ನೋಡುತ್ತಾರೆ, ಹಾಗಾಗಿ ಅವರಿಗೆ ಮೊದಲಿನ ಸೂತ್ರವೇ ಸರಿ.

ಅಳೆದು ನೋಡುವ ಮೂರು ದಾರಿಗಳು

ಜೋಡಿಸಿ ಮುಗಿದ ದೂರದರ್ಶಕದ ವರ್ಧನೆಯನ್ನು, ಯಾವ ಮಸೂರದ ಸಂಗಮ ದೂರವೂ ತಿಳಿಯದೆ, ನೇರವಾಗಿ ಅಳೆಯುವ ವಿಧಾನಗಳಿವೆ. ಇವುಗಳಲ್ಲಿ ನಾನು ಮೊದಲು ಶಿಫಾರಸು ಮಾಡುವುದು ಬೆಳಕಿನ ಬಿಲ್ಲೆಯ ವಿಧಾನ. ದೂರದರ್ಶಕವನ್ನು ಬಹುದೂರದ ದೃಶ್ಯಕ್ಕೆ ಸ್ಪಷ್ಟವಾಗಿ ಹೊಂದಿಸಿ, ಬಳಿಕ ಸೂರ್ಯನಿಂದ ಸಾಕಷ್ಟು ದೂರವಿರುವ ಬೆಳಗಿದ ಆಕಾಶದ ಕಡೆಗೆ ತಿರುಗಿಸಿ, ನೇತ್ರ ಮಸೂರದಿಂದ ಒಂದು ಅಡಿ ಹಿಂದೆ ನಿಂತು ನೋಡಿ. ಮಸೂರದ ಹಿಂದೆ ಗಾಳಿಯಲ್ಲಿ ತೇಲುತ್ತಿರುವಂತೆ ಒಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ಅದು ವಸ್ತು ಮಸೂರದ ಪ್ರತಿಬಿಂಬ. ದೂರದರ್ಶಕವನ್ನು ಹಾದುಬಂದ ಬೆಳಕೆಲ್ಲ ಈ ಬಿಲ್ಲೆಯ ಮೂಲಕವೇ ಹೊರಬರುತ್ತದೆ. ಎಣ್ಣೆ ಕಾಗದವನ್ನು ಅಲ್ಲಿ ಹಿಡಿದು ಅದರ ವ್ಯಾಸವನ್ನು ಅಳೆಯಿರಿ. ವಸ್ತು ಮಸೂರದ ವ್ಯಾಸವನ್ನು ಬಿಲ್ಲೆಯ ವ್ಯಾಸದಿಂದ ಭಾಗಿಸಿದರೆ ವರ್ಧನೆ ಬರುತ್ತದೆ. 50 ಮಿ.ಮೀ.ಗೆ 1.25 ಮಿ.ಮೀ. ಬಿಲ್ಲೆ ಸಿಕ್ಕರೆ 40.

ಈ ವಿಧಾನದಲ್ಲಿ ಎರಡು ಎಚ್ಚರಿಕೆಗಳಿವೆ. ಬಿಲ್ಲೆ ಇಷ್ಟು ಚಿಕ್ಕದಿರುವಾಗ 0.1 ಮಿ.ಮೀ. ತಪ್ಪಿದರೂ ಉತ್ತರ ಶೇಕಡಾ 8ರಷ್ಟು ಕೆಡುತ್ತದೆ, ಆದ್ದರಿಂದ ಪಾರದರ್ಶಕ ಅಳತೆ ಪಟ್ಟಿಯನ್ನು ಅದೇ ಜಾಗದಲ್ಲಿಟ್ಟು, ಬಿಲ್ಲೆಯೂ ಗೆರೆಗಳೂ ಒಟ್ಟಿಗೆ ಕಾಣುವಂತೆ ಫೋನಿನಲ್ಲಿ ಚಿತ್ರ ತೆಗೆದು, ಅದನ್ನು ಹಿಗ್ಗಿಸಿ ಓದುವುದು ಮೇಲು. ಎರಡನೆಯದಾಗಿ, ಅಗ್ಗದ ದೂರದರ್ಶಕಗಳಲ್ಲಿ ವಸ್ತು ಮಸೂರದ ಹಿಂದೆ ರಂಧ್ರವಿರುವ ತಟ್ಟೆಯೊಂದನ್ನು ಅಡಗಿಸಿಟ್ಟಿರುತ್ತಾರೆ. ಹೊರಗೆ 50 ಮಿ.ಮೀ. ಗಾಜು ಕಾಣುತ್ತದೆ, ಬೆಳಕು ಬರುವುದು 30 ಮಿ.ಮೀ. ರಂಧ್ರದಿಂದ ಮಾತ್ರ. ಇದನ್ನು ಮೀರಲು ವಸ್ತು ಮಸೂರದ ಮುಂದೆ, 20 ಮಿ.ಮೀ. ಅಂತರದಲ್ಲಿ ಎರಡು ಕಿರು ರಂಧ್ರಗಳಿರುವ ಕಪ್ಪು ಕಾಗದವನ್ನು ಇಟ್ಟು, ಬಿಲ್ಲೆಯಲ್ಲಿ ಮೂಡುವ ಎರಡು ಚುಕ್ಕೆಗಳ ನಡುವಿನ ಅಂತರವನ್ನು ಅಳೆಯಬೇಕು. ಅದು 0.5 ಮಿ.ಮೀ. ಆದರೆ ವರ್ಧನೆ 40, ಒಳಗೆ ಏನೇ ಅಡಗಿದ್ದರೂ. ಗೆಲಿಲಿಯೋ ಮಾದರಿಯಲ್ಲಿ ಈ ಬಿಲ್ಲೆ ಕೊಳವೆಯೊಳಗೇ ಇರುವ ಮಿಥ್ಯ ಪ್ರತಿಬಿಂಬವಾದ್ದರಿಂದ ಕಾಗದದ ಮೇಲೆ ಹಿಡಿಯಲಾಗುವುದಿಲ್ಲ.

ಆ ಮಾದರಿಗೆ ಗೆಲಿಲಿಯೋನೇ ಸೂಚಿಸಿದ ಎರಡು ಕಣ್ಣುಗಳ ವಿಧಾನ ಹೊಂದುತ್ತದೆ. ಒಂದು ಕಣ್ಣಿನಿಂದ ದೂರದರ್ಶಕದ ಮೂಲಕವೂ ಇನ್ನೊಂದರಿಂದ ನೇರವಾಗಿಯೂ ಏಕಕಾಲಕ್ಕೆ ನೋಡುವುದು ಇದರ ತಿರುಳು. ಗೋಡೆಯ ಮೇಲೆ ಒಂದು ಚಿಕ್ಕ, ಒಂದು ದೊಡ್ಡ ವೃತ್ತವನ್ನು ಅಂಟಿಸಿ, ದೂರದರ್ಶಕದಲ್ಲಿ ಕಾಣುವ ಚಿಕ್ಕ ವೃತ್ತವು ಬರಿಗಣ್ಣಿಗೆ ಕಾಣುವ ದೊಡ್ಡ ವೃತ್ತದ ಗಾತ್ರಕ್ಕೆ ಸರಿಹೊಂದಿದರೆ, ಅವುಗಳ ವ್ಯಾಸಗಳ ಅನುಪಾತವೇ ವರ್ಧನೆ. ವಿಸ್ತೀರ್ಣದಲ್ಲಿ 400 ಪಟ್ಟು, ಅಂದರೆ ವ್ಯಾಸದಲ್ಲಿ 20 ಪಟ್ಟು ಅಂತರದ ವೃತ್ತಗಳನ್ನು ಆತ ಹೇಳಿದ್ದ. ವೃತ್ತಗಳ ಬದಲು ಕಾಗದದ ಪಟ್ಟಿಗಳನ್ನು ಬಳಸಿದರೂ ಆದೀತು. ಎರಡು ದೃಶ್ಯಗಳನ್ನು ಮನಸ್ಸು ಒಂದರ ಮೇಲೊಂದು ಇಟ್ಟು ನೋಡಲು ಸ್ವಲ್ಪ ಅಭ್ಯಾಸ ಬೇಕು; 10 ಅಥವಾ 20 ವರ್ಧನೆಯಲ್ಲಿ ಇದು ಸುಲಭ, 40ರಲ್ಲಿ ತಾಳ್ಮೆ ಬೇಡುತ್ತದೆ.

ಹತ್ತಿರದ ಗೋಡೆಯನ್ನು ಬಳಸಿದರೆ ಉತ್ತರ ನಿಜಕ್ಕಿಂತ ಹೆಚ್ಚು ಬರುತ್ತದೆ ಎಂಬುದನ್ನು ಮರೆಯಬಾರದು. ನಮ್ಮ ದೂರದರ್ಶಕದ ವಸ್ತು ಮಸೂರದಿಂದ ಗೋಡೆ 30 ಮೀಟರ್ ದೂರದಲ್ಲಿದ್ದರೆ ಪ್ರತಿಬಿಂಬ 1000 ಮಿ.ಮೀ. ಬದಲು 1034 ಮಿ.ಮೀ. ಹಿಂದೆ ಮೂಡುತ್ತದೆ, ಜೊತೆಗೆ ಬರಿಗಣ್ಣು ವಸ್ತು ಮಸೂರಕ್ಕಿಂತ ಒಂದು ಮೀಟರ್ ಹಿಂದೆ ಇರುತ್ತದೆ. ಎರಡೂ ಸೇರಿ ವರ್ಧನೆ 40ರ ಬದಲು 43ರ ಸಮೀಪ ಕಾಣುತ್ತದೆ: 2 ಸೆಂ.ಮೀ. ಪಟ್ಟಿ 80 ಸೆಂ.ಮೀ. ಪಟ್ಟಿಗಲ್ಲ, 86 ಸೆಂ.ಮೀ. ಪಟ್ಟಿಗೆ ಸರಿಹೊಂದುತ್ತದೆ. 100 ಮೀಟರ್ ದೂರದಲ್ಲಿ ಈ ಹೆಚ್ಚಳ ಶೇಕಡಾ 2ಕ್ಕೆ ಇಳಿಯುತ್ತದೆ.

ಮೂರನೆಯ ವಿಧಾನಕ್ಕೆ ಭೂಮಿಯ ತಿರುಗುವಿಕೆಯೇ ಅಳತೆಗೋಲು. ಖಗೋಳ ವಿಷುವದ್ವೃತ್ತದ (ಭೂಮಿಯ ಸಮಭಾಜಕದ ನೇರ ಮೇಲೆ ಆಕಾಶದಲ್ಲಿ ಕಲ್ಪಿಸಿಕೊಂಡ ವೃತ್ತ) ಬಳಿಯ ನಕ್ಷತ್ರವೊಂದು ಆಕಾಶದಲ್ಲಿ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತದೆ. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ ತುದಿಯ ಮಿಂಟಾಕ ಆ ವೃತ್ತಕ್ಕೆ ಬಹಳ ಹತ್ತಿರವಿದೆ. ದೂರದರ್ಶಕವನ್ನು ಅಲುಗದಂತೆ ನಿಲ್ಲಿಸಿ, ನಕ್ಷತ್ರವು ನೋಟದ ವೃತ್ತದ ಒಂದು ಅಂಚಿನಿಂದ ನಡುವನ್ನು ಹಾದು ಎದುರಿನ ಅಂಚಿಗೆ ಸಾಗಲು ತೆಗೆದುಕೊಳ್ಳುವ ಸಮಯವನ್ನು ಗಡಿಯಾರದಲ್ಲಿ ನೋಡಿ. 4 ನಿಮಿಷವಾದರೆ ನಿಜವಾದ ನೋಟದ ಅಗಲ 1 ಡಿಗ್ರಿ. ಇನ್ನು ಐಪೀಸ್‌ನ ತೋರಿಕೆಯ ನೋಟದ ಅಗಲ ಗೊತ್ತಿರಬೇಕು. ಅದನ್ನು ತಿಳಿಯಲು ಐಪೀಸನ್ನು ಮಾತ್ರ ಒಂದು ಕಣ್ಣಿಗೆ ಹಿಡಿದು, ಇನ್ನೊಂದು ಕಣ್ಣನ್ನು ತೆರೆದು 1 ಮೀಟರ್ ದೂರದ ಗೋಡೆಯನ್ನು ನೋಡಿದಾಗ, ಬೆಳಕಿನ ವೃತ್ತವು ಗೋಡೆಯ ಮೇಲೆ ಬಿದ್ದಂತೆ ತೋರುತ್ತದೆ. ಅದರ ಅಗಲ 73 ಸೆಂ.ಮೀ. ಆದರೆ ಕೋನ 40 ಡಿಗ್ರಿ. 40ನ್ನು 1ರಿಂದ ಭಾಗಿಸಿ. ಅಂಚಿನ ವಕ್ರತೆಯಿಂದಾಗಿ ಈ ವಿಧಾನದಲ್ಲಿ ಕೆಲವು ಶೇಕಡಾ ವ್ಯತ್ಯಾಸ ಸಹಜ.

ಮೂರೂ ವಿಧಾನಗಳ ಉತ್ತರ ಶೇಕಡಾ 5ರೊಳಗೆ ಹೊಂದಿಕೊಂಡರೆ ಸಾಕು. ಒಂಟಿ ಮಸೂರದ ದೂರದರ್ಶಕಕ್ಕೆ 39.87 ಎಂಬಂತಹ ವರ್ಧನೆಯನ್ನು ಬರೆಯುವುದು ಅರ್ಥಹೀನ, ಏಕೆಂದರೆ 1000 ಮಿ.ಮೀ. ಸಂಗಮ ದೂರದ ಸಾಮಾನ್ಯ ಗಾಜಿನ ಮಸೂರದಲ್ಲಿ ಕೆಂಪು ಬೆಳಕು ನೀಲಿ ಬೆಳಕಿಗಿಂತ ಸುಮಾರು 17 ಮಿ.ಮೀ. ಹಿಂದೆ ಒಂದುಗೂಡುತ್ತದೆ. ಬಣ್ಣಕ್ಕೊಂದು ಸಂಗಮ ದೂರವಿರುವಾಗ ದಶಮಾಂಶದ ನಿಖರತೆ ಎಲ್ಲಿಂದ ಬರಬೇಕು?

ಸಿಕ್ಕ ಸಂಖ್ಯೆ ಉಪಯೋಗಕ್ಕೆ ಬರುತ್ತದೆಯೇ?

ಸೂತ್ರಕ್ಕೆ ಮಿತಿಯಿಲ್ಲ, ಸಂಗಮ ದೂರ ಕಡಿಮೆಯಿರುವ ನೇತ್ರ ಮಸೂರವನ್ನು ಹಾಕುತ್ತ ಹೋದರೆ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಪಡೆಯಬಹುದು. 60 ಮಿ.ಮೀ. ವ್ಯಾಸದ, 900 ಮಿ.ಮೀ. ಸಂಗಮ ದೂರದ ದೂರದರ್ಶಕಗಳ ಪೆಟ್ಟಿಗೆಯ ಮೇಲೆ 675× ಎಂದು ಮುದ್ರಿಸುವುದು ಈ ಜಾಣತನದಿಂದಲೇ. 900ನ್ನು 4 ಮಿ.ಮೀ. ಐಪೀಸ್‌ನಿಂದ ಭಾಗಿಸಿದರೆ 225, ಅದನ್ನು 3× ಬಾರ್ಲೋ ಮಸೂರದಿಂದ (ವರ್ಧನೆಯನ್ನು ಮೂರು ಪಟ್ಟು ಮಾಡುವ ಹೆಚ್ಚುವರಿ ಮಸೂರ) ಗುಣಿಸಿದರೆ 675. ಲೆಕ್ಕದಲ್ಲಿ ತಪ್ಪಿಲ್ಲ, ನೋಡಲು ಮಾತ್ರ ಏನೂ ಸಿಗುವುದಿಲ್ಲ.

ಕಾರಣ ವಸ್ತು ಮಸೂರದ ವ್ಯಾಸದಲ್ಲಿದೆ. ಬೆಳಕಿನ ಅಲೆಯ ಸ್ವಭಾವದಿಂದಾಗಿ, ಒಂದು ಮಸೂರ ಬೇರ್ಪಡಿಸಿ ತೋರಿಸಬಲ್ಲ ಅತಿ ಸಣ್ಣ ಕೋನ ಸುಮಾರು 116ನ್ನು ವ್ಯಾಸದ ಮಿಲಿಮೀಟರ್‌ಗಳಿಂದ ಭಾಗಿಸಿದಷ್ಟು ಆರ್ಕ್ ಸೆಕೆಂಡ್ (ಆರ್ಕ್ ಮಿನಿಟಿನ 60ನೇ ಒಂದು ಭಾಗ). 60 ಮಿ.ಮೀ.ಗೆ ಅದು 1.9. ಈ ವಿವರವನ್ನು ಕಣ್ಣು ಆರಾಮವಾಗಿ ಗುರುತಿಸಲು ಅದು 4 ಆರ್ಕ್ ಮಿನಿಟ್‌ನಷ್ಟು ಹಿಗ್ಗಿದರೆ ಸಾಕು, ಅದಕ್ಕೆ ಬೇಕಾಗುವ ವರ್ಧನೆ ಸುಮಾರು 120. ಅದರಾಚೆಗೆ ಹಿಗ್ಗುವುದು ಮಸುಕು ಮಾತ್ರ. ವ್ಯಾಸದ ಮಿಲಿಮೀಟರ್ ಸಂಖ್ಯೆಯ ಎರಡರಷ್ಟು ಎಂಬ ಪ್ರಚಲಿತ ಮಿತಿ ಬಂದಿರುವುದು ಹೀಗೆ. ಗಾಳಿಯ ಕಂಪನದಿಂದಾಗಿ ದೊಡ್ಡ ದೂರದರ್ಶಕಗಳು ಕೂಡ ಹೆಚ್ಚಿನ ರಾತ್ರಿಗಳಲ್ಲಿ 250 ಅಥವಾ 300ರ ಆಚೆ ಹೋಗಲಾರವು. ಕೆಳಗಿನ ಮಿತಿ ಕಣ್ಣಿನದು: ಕತ್ತಲಲ್ಲಿ ಯುವಕರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ, ಬೆಳಕಿನ ಬಿಲ್ಲೆ ಅದಕ್ಕಿಂತ ದೊಡ್ಡದಾದರೆ ಹೆಚ್ಚಿನ ಬೆಳಕು ಕಣ್ಣಿನೊಳಗೆ ಹೋಗದೆ ವ್ಯರ್ಥವಾಗುತ್ತದೆ. 7×50 ಬೈನಾಕ್ಯುಲರ್‌ನ ಬಿಲ್ಲೆ 50ನ್ನು 7ರಿಂದ ಭಾಗಿಸಿದಷ್ಟು, ಅಂದರೆ ಸರಿಸುಮಾರು ಈ ಮಿತಿಯಲ್ಲೇ ಇದೆ.

ಒಂಟಿ ಮಸೂರದ ದೂರದರ್ಶಕಕ್ಕೆ ಇನ್ನೊಂದು ಕಟ್ಟುಪಾಡಿದೆ. ಬಣ್ಣದ ಅಂಚುಗಳನ್ನು ತಗ್ಗಿಸಲು 50 ಮಿ.ಮೀ. ಮಸೂರದ ಮುಂದೆ 30 ಮಿ.ಮೀ. ರಂಧ್ರವಿರುವ ರಟ್ಟನ್ನು ಇಡುವುದು ಒಳ್ಳೆಯದು; ಗೆಲಿಲಿಯೋನ ಮೇಲೆ ಹೇಳಿದ ದೂರದರ್ಶಕದಲ್ಲಿಯೂ 37 ಮಿ.ಮೀ. ಮಸೂರದ ನಡುವಿನ 15 ಮಿ.ಮೀ. ಮಾತ್ರ ತೆರೆದಿದೆ. ರಟ್ಟನ್ನಿಟ್ಟ ಮೇಲೆ ವರ್ಧನೆ ಬದಲಾಗುವುದಿಲ್ಲ, ಅದರ ಮೇಲಿನ ಮಿತಿ ಮಾತ್ರ 100ರಿಂದ 60ಕ್ಕೆ ಇಳಿಯುತ್ತದೆ. 40 ಅದರೊಳಗೇ ಇದೆ, ಮತ್ತು 40 ಕಡಿಮೆಯೇನಲ್ಲ: ಭೂಮಿಗೆ ಹತ್ತಿರ ಬಂದಾಗ 45 ಆರ್ಕ್ ಸೆಕೆಂಡ್ ಅಗಲವಿರುವ ಗುರುಗ್ರಹ ಆ ವರ್ಧನೆಯಲ್ಲಿ 30 ಆರ್ಕ್ ಮಿನಿಟ್, ಅಂದರೆ ಬರಿಗಣ್ಣಿಗೆ ಕಾಣುವ ಚಂದ್ರನಷ್ಟೇ ಅಗಲವಾಗುತ್ತದೆ. ಮೊದಲ ಬಾರಿ ನೋಡುವವರಿಗೆ ಹಾಗೆನಿಸುವುದಿಲ್ಲ, ಹೋಲಿಸಲು ಪಕ್ಕದಲ್ಲಿ ಏನೂ ಇರುವುದಿಲ್ಲವಾದ್ದರಿಂದ. ಚಂದ್ರ ಆಕಾಶದಲ್ಲಿರುವ ರಾತ್ರಿ ಎರಡು ಕಣ್ಣುಗಳ ವಿಧಾನದಿಂದಲೇ ಇದನ್ನು ಪರೀಕ್ಷಿಸಬಹುದು. ಇದೇ ಕೊಳವೆಗೆ ಎರಡನೆಯ ನೇತ್ರ ಮಸೂರವನ್ನು ಸೇರಿಸುವುದಾದರೆ 12 ಮಿ.ಮೀ.ನದನ್ನು ಬಿಟ್ಟು 50 ಮಿ.ಮೀ.ನದನ್ನು ಆರಿಸಿಕೊಳ್ಳಿ. ಮೊದಲನೆಯದು ಕೊಡುವ 83 ಮಿತಿಯನ್ನು ಮೀರಿದ್ದು; ಎರಡನೆಯದು ಕೊಡುವ 20ರಲ್ಲಿ ನೋಟ ಬೆಳಗಿರುತ್ತದೆ, ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳೂ ಕಾಣುತ್ತವೆ.